ಸುರುಳಿ ತಲೆಯ ಅಜ್ಜಿಯರ ಊರಿನಲ್ಲಿ

ಕೆಲಮಂಗಲ

ಪಾಸ್‌ಪೋರ್ಟು, ವೀಸಾಗಳ ಪುರಾಣವನ್ನು ಇಲ್ಲಿ ಬಿಚ್ಚುವುದಿಲ್ಲ. ಅದನ್ನು ಕೇಳಲು ಕೂತವರೆಲ್ಲ ಅರ್ಧಕ್ಕೇ ಎದ್ದು ಹೋಗಿದ್ದಾರೆ. ನಮ್ಮೆಜಮಾನರು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಆ ಕಾರ್ಖಾನೆಗೆ ಯಂತ್ರ ಮಾರಿದ ಕೊರಿಯಾದ ಕಂಪನಿ, ಅದನ್ನು ನಡೆಸುವುದು ಕಲಿಯಿರಿ ಎಂದು ಕೆಲವರನ್ನು ಮೂರು ತಿಂಗಳ ಮಟ್ಟಿಗೆ ಅಲ್ಲಿಗೆ ಕರೆಸಿಕೊಂಡಿತ್ತು. ಕೊಟ್ಟಿರುವ ಮನೆ ದೊಡ್ಡದಾಗಿದೆ, ಎರಡು ವಾರ ಬಂದು ಹೋಗು ಎಂದು ಅವರು ಫೋನು ಮಾಡಿದರು. ಮನೆ ದೊಡ್ಡದಾದದ್ದಕ್ಕಲ್ಲ, ಸಾರಿಲ್ಲದೆ ಬಾಯಿ ಕೆಟ್ಟದ್ದಕ್ಕೆ ಕರೆಯುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಆದರೂ ಹೊರಟೆ. ಕರೆದಾಗ ಹೋಗದಿದ್ದರೆ ಕೊರಿಯಾ ಏನು ನಮ್ಮ ಮನೆ ಬಾಗಿಲಿಗೆ ಬರುತ್ತದೆಯೇ?

ನಾನು ಹೊಸೂರಿನ ಹತ್ತಿರ, ಮೂರು ಭಾಷೆ ಕೂಡುವ ಗಡಿಯ ಕೆಲಮಂಗಲದಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ, ಒಂದು ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದೇನೆ. ಹುಬ್ಬು ತೀಡುವುದು, ಮದುಮಗಳ ಅಲಂಕಾರ, ಈಚೆಗೆ ಹುಡುಗಿಯರೆಲ್ಲ ಕೇಳುವ ಕೂದಲು ನೇರ ಮಾಡುವ ಕೆಲಸ. ಹೊಸೂರಿನಲ್ಲಿ ಇದನ್ನೆಲ್ಲ ಕಲಿಯುವಾಗ ಪರ್ಮಿಂಗ್ ಎಂಬ ಪಾಠವೂ ಇತ್ತು. ಕೂದಲನ್ನು ಕಡ್ಡಿಗೆ ಸುತ್ತಿ, ಔಷಧಿ ಹಾಕಿ, ತಿಂಗಳುಗಟ್ಟಲೆ ಉಳಿಯುವ ಗುಂಗುರು ಮಾಡುವ ವಿದ್ಯೆ. ನಮ್ಮ ಮೇಡಂ ಅದನ್ನು ಬೋರ್ಡಿನ ಮೇಲೆ ಬರೆದು ಅಲ್ಲೇ ಅಳಿಸಿದರು. ಇರುವ ಗುಂಗುರನ್ನೇ ಕಳೆದುಕೊಳ್ಳಲು ಜನ ಸಾಲು ನಿಂತಿರುವಾಗ ಇಲ್ಲದ್ದನ್ನು ಯಾರು ಕೇಳುತ್ತಾರೆ ಎಂಬುದು ಅವರ ವಾದ.

ಇನ್ನು ನಮ್ಮ ಅತ್ತೆ ಲಗುಮಮ್ಮನ ವಿಷಯ ಹೇಳದಿದ್ದರೆ ಈ ಪ್ರಯಾಣಕ್ಕೆ ತಲೆಯೇ ಇರುವುದಿಲ್ಲ. ಅತ್ತೆಯ ತುರುಬು ನಮ್ಮ ಬೀದಿಗೇ ದೊಡ್ಡದು, ತೆಂಗಿನಕಾಯಿಯಷ್ಟು. "ಕೂದ್ಲಿದ್ದೋಳು ಎಂಗ್ ತುರುಬು ಕಟ್ಟುದ್ರೂ ಚೆಂದ" ಎಂದು ಅವರು ನನ್ನ ಪಾರ್ಲರನ್ನು ಅಣಕಿಸುತ್ತಿದ್ದರು. ವಾರದ ಸಂತೆಯಲ್ಲಿ ನಮ್ಮ ಹೊಲದ ಬೀನ್ಸು, ಟೊಮೇಟೊ ಮಾರುವವರು ಅವರೇ. ಕನ್ನಡದಲ್ಲಿ ರೇಟು ಹೇಳಿ, ತೆಲುಗಿನಲ್ಲಿ ಜಗಳವಾಡಿ, ತಮಿಳಿನಲ್ಲಿ ರಾಜಿಯಾಗುವುದು ಅವರ ಪದ್ಧತಿ. ಹೋದ ವರ್ಷ ಟೈಫಾಯಿಡ್ ಜ್ವರ ಬಂತು. ಜ್ವರ ಬಿಟ್ಟಿತು, ಜೊತೆಗೆ ಕೂದಲೂ ಬಿಟ್ಟಿತು. ಮತ್ತೆ ಹುಟ್ಟಿದ್ದು ಬೆರಳುದ್ದ, ಅದೂ ಅಲ್ಲೊಂದು ಇಲ್ಲೊಂದು. ಅಂದಿನಿಂದ ಅತ್ತೆ ಸೆರಗು ಹೊದ್ದು ಒಳಗೇ ಕೂತರು. ಸಂತೆಗೆ ಮಾವ ಹೋಗತೊಡಗಿದರು. ಮಾವ ಒಳ್ಳೆಯವರು, ಅದೇ ಅವರ ತೊಂದರೆ. ಯಾರು ಎಷ್ಟಕ್ಕೆ ಕೇಳಿದರೂ ಕೊಟ್ಟು ಬರುತ್ತಾರೆ.

ಅತ್ತೆಗೆ ಒಂದು ಸವರಿ ತಂದುಕೊಟ್ಟಿದ್ದೆ, ಜಡೆಗೆ ಸೇರಿಸಿ ಹೆಣೆಯುವ ಕಟ್ಟುಗೂದಲು. ಸೇರಿಸಲು ಬೇಕಾದಷ್ಟು ಸ್ವಂತ ಕೂದಲೇ ಇಲ್ಲದೆ ಅದು ಜಾರಿ ಬಿತ್ತು. ಅತ್ತೆ ಅದನ್ನು ಎತ್ತಿ ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಹೋದರು. ಬಾಯಿಬಡುಕಿ ಅತ್ತೆ ಸುಮ್ಮನಾದದ್ದು ನೋಡಿ ನನಗೆ ಸಂಕಟವಾಯಿತು.

ಹೊರಡುವ ದಿನ, ಅಲ್ಲಿಂದ ಏನು ತರಲಿ ಎಂದು ಕೇಳಿದೆ. ಬಾಗಿಲ ಹಿಂದೆ ನಿಂತು ಹೇಳಿದರು:

"ಕೂದ್ಲು ತಾ."

ನಗುತ್ತಾರೇನೋ ಎಂದು ಕಾದೆ. ನಗಲಿಲ್ಲ.

ಬೂಸಾನ್ ವಿಮಾನ ನಿಲ್ದಾಣ

ಸಿಂಗಾಪುರದಲ್ಲಿ ವಿಮಾನ ಬದಲಿಸಿ ಬೂಸಾನ್ ಎಂಬ ಊರಲ್ಲಿ ಇಳಿದೆ. ಪೆಟ್ಟಿಗೆ ತೆರೆಸಿದ ಅಧಿಕಾರಿಗೆ ಮೊದಲು ಸಿಕ್ಕಿದ್ದು ರಾಗಿಹಿಟ್ಟು. ಬಣ್ಣ ನೋಡಿದ, ಮೂಸಿದ, ಇನ್ನೊಬ್ಬನನ್ನು ಕರೆದು ಅವನಿಂದಲೂ ಮೂಸಿಸಿದ. ಕಾಡುವುದಕ್ಕೆ ಅದೊಂದೇ ಸಾಲದು ಎಂಬಂತೆ ಹರಳೆಣ್ಣೆಯ ಬಾಟಲಿ ಒಳಗೇ ಸೋರಿ ನನ್ನ ಎರಡು ಸೀರೆಗಳು ಎಣ್ಣೆ ಕುಡಿದಿದ್ದವು. ತಲೆಗೆ ಹಚ್ಚುವುದು ಎಂದು ನನ್ನ ಜಡೆ ಹಿಡಿದು ತೋರಿಸಿದೆ. ಸೊಂಟದ ಕೆಳಗೆ ಬರುವ ಜಡೆ. ಅವನು ಎರಡು ಹೆಜ್ಜೆ ಹಿಂದೆ ಸರಿದು, ಹೋಗು ಎಂದು ಕೈಮಾಡಿದ.

ಹೊರಗೆ ಬಂದರೆ ಒಂದು ಸಾಲು ಅಜ್ಜಿಯರು. ಯಾರನ್ನೋ ಎದುರುಗೊಳ್ಳಲು ಬಂದವರು. ಎಲ್ಲರ ತಲೆಯೂ ಒಂದೇ ಥರ: ಗಿಡ್ಡ, ದಟ್ಟ, ಚಿಕ್ಕ ಚಿಕ್ಕ ಸುರುಳಿ, ಹೂಕೋಸನ್ನು ಕಪ್ಪು ಬಣ್ಣದಲ್ಲಿ ಅದ್ದಿ ಇಟ್ಟಂತೆ. ಎಲ್ಲ ಒಂದೇ ಮನೆಯವರೇ ಎಂದು, ನನ್ನನ್ನು ಕರೆದೊಯ್ಯಲು ಬಂದಿದ್ದ ಎಜಮಾನರನ್ನು ಕೇಳಿದೆ. ಬಂದ ಹೊಸದರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ, ಈ ದೇಶದ ಅಜ್ಜಿಯರೆಲ್ಲ ಹೀಗೇ ಎಂದರು. ಬಸ್ಸಿನಲ್ಲಿ ನೋಡಿದೆ, ಮೀನಿನ ಮಾರ್ಕೆಟ್ಟಿನಲ್ಲಿ ನೋಡಿದೆ, ಹೊಲದಲ್ಲಿ ಬಗ್ಗಿದವರಲ್ಲಿ ನೋಡಿದೆ. ದೇವರು ಅಜ್ಜಿಯರನ್ನು ಮಾತ್ರ ಗುಂಗುರು ಮಾಡುವ ದೇಶ ಇದ್ದೀತೆ? ಪಾರ್ಲರ್ ನಡೆಸುವವಳ ಕಣ್ಣು ನನ್ನದು. ಇದು ಹುಟ್ಟಿದ್ದಲ್ಲ, ಸುತ್ತಿದ್ದು ಎಂದು ಗೊತ್ತಾಯಿತು.

ಚಾಂಗ್ವನ್

ಕಾರ್ಖಾನೆಗಳ ಊರು ಚಾಂಗ್ವನ್. ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶವನ್ನು ಚೆನ್ನಾಗಿ ಗುಡಿಸಿ, ಮರ ನೆಟ್ಟು, ಹಾರ್ನ್ ಕಿತ್ತುಹಾಕಿದರೆ ಹೀಗಿರಬಹುದು. ನಮ್ಮದು ಒಂಬತ್ತನೇ ಅಂತಸ್ತಿನ ಮನೆ. ಮೊದಲ ದಿನವೇ ಒಗ್ಗರಣೆಯ ಹೊಗೆಗೆ ಸೂರಿನಲ್ಲಿದ್ದ ಬೆಂಕಿ ಎಚ್ಚರಿಕೆಯ ಗಂಟೆ ಬಡಿದುಕೊಂಡು, ಕಟ್ಟಡದ ಕಾವಲುಗಾರ ಓಡಿ ಬಂದ. ಅವನ ಹಿಂದೆ ಬಂದವಳು ಪಕ್ಕದ ಮನೆಯ ಸನ್‌ಹೀ. ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುವ ಹುಡುಗಿ. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ತೂಕದವಾದ್ದರಿಂದ ಸ್ನೇಹ ಸಲೀಸಾಯಿತು.

ಹೋಲಿಕೆಗಳು ಬೇಡವೆಂದರೂ ಕಾಲಿಗೆ ತೊಡರುತ್ತಿದ್ದವು. ಚಪ್ಪಲಿ ಹೊರಗೆ ಬಿಡುತ್ತಾರೆ. ನೆಲದ ಮೇಲೆ ಕೂತು ಅನ್ನ ಉಣ್ಣುತ್ತಾರೆ. ಅಮ್ಮನನ್ನು ಹೆಚ್ಚುಕಡಿಮೆ ಅಮ್ಮ ಎಂದೇ, ಅಪ್ಪನನ್ನು ಅಪ್ಪ ಎಂದೇ ಕರೆಯುತ್ತಾರೆ. ಅಷ್ಟಿದ್ದೂ ಅನ್ನಕ್ಕೆ ಸಾರು ಕಲಸುವುದಿಲ್ಲ, ಎರಡನ್ನೂ ಬೇರೆ ಬೇರೆ ತಿನ್ನುತ್ತಾರೆ. ಅವರ ದೊಡ್ಡ ಹಬ್ಬವೊಂದು ಆಗ ಹತ್ತಿರದಲ್ಲಿತ್ತು. ನಮ್ಮ ಅನಂತನ ಹುಣ್ಣಿಮೆಯ ಹೊತ್ತಿಗೇ ಬರುತ್ತದೆ. ಊರಿಗೆ ಹೋಗಿ ಹಿರಿಯರಿಗೆ ಎಡೆ ಇಡುವ ಹಬ್ಬ. ನಮ್ಮಲ್ಲಿ ಹುಣ್ಣಿಮೆಯಾದ ಮೇಲೆ ಪಿತೃಪಕ್ಷದಲ್ಲಿ ಮಾಡುವುದನ್ನು ಇವರು ಹುಣ್ಣಿಮೆಯ ದಿನವೇ ಮುಗಿಸುತ್ತಾರೆ, ಅಷ್ಟೇ ವ್ಯತ್ಯಾಸ.

ಅಜ್ಜಿಯರ ತಲೆಯ ಗುಟ್ಟೇನು ಎಂದು ಸನ್‌ಹೀಯನ್ನು ಕೇಳಿದೆ. ಅವಳು ನಕ್ಕಳು. ನನ್ನ ಅಮ್ಮನನ್ನೇ ಕೇಳು, ಹಳ್ಳಿಯಲ್ಲಿ ಆ ತಲೆಗಳನ್ನೆಲ್ಲ ಮಾಡುವವಳು ಅವಳೇ ಎಂದಳು. ಅವಳ ಅಮ್ಮನದೂ ಪಾರ್ಲರ್!

ಬಸ್ಸು, ಮೆಣಸಿನಕಾಯಿ, ಹಳ್ಳಿ

ಸನ್‌ಹೀಯ ಜೊತೆ ಅವಳ ಹಳ್ಳಿಗೆ ಹೋಗುವ ದಿನ ಬೆಳಿಗ್ಗೆ ನಾನು ಮಾಡಿದ್ದು ನಮ್ಮ ಕಡೆಯ ಯಾವ ಹೆಂಗಸಾದರೂ ಮಾಡುವ ಕೆಲಸ. ಉಳಿದಿದ್ದ ಹರಳೆಣ್ಣೆಯನ್ನು ನೆತ್ತಿಗೆ ತಟ್ಟಿ, ಬುಡದಿಂದ ತುದಿಯವರೆಗೆ ತಿಕ್ಕಿ, ನುಣ್ಣಗೆ ಬಾಚಿ ಜಡೆ ಹೆಣೆದೆ. ಅದೂ ಕೂದಲಿನ ಅಂಗಡಿಗೆ ಹೋಗುವಾಗ ಒಣ ತಲೆಯಲ್ಲಿ ಹೋಗುವುದೇ? ನಮ್ಮಲ್ಲಿ ಎಣ್ಣೆ ಕಾಣದ ತಲೆ ನೋಡಿದರೆ, ಮನೆಯಲ್ಲಿ ಯಾರು ಹೋಗಿಬಿಟ್ಟರು ಎಂದು ಕೇಳುತ್ತಾರೆ.

ಬಸ್ಸಿನ ಕಿಟಕಿಯಿಂದ ನೋಡಿದರೆ ರಸ್ತೆಯ ಅಂಚಿನುದ್ದಕ್ಕೂ ಕೆಂಪು ಮೆಣಸಿನಕಾಯಿ ಒಣಗಲು ಹರಡಿದ್ದರು. ನಾವು ಡೆಂಕಣಿಕೋಟೆ ರಸ್ತೆಯಲ್ಲಿ ರಾಗಿ ತೆನೆ ಹರಡಿ ಬಸ್ಸಿನಿಂದ ಒಕ್ಕಿಸುತ್ತೇವಲ್ಲ, ಅದು ನೆನಪಾಯಿತು. ಇಲ್ಲಿಯ ಡ್ರೈವರ್ ಮಾತ್ರ ಮೆಣಸಿನಕಾಯಿಯ ಮೇಲೆ ಚಕ್ರ ಹತ್ತಿಸದೆ ಸುತ್ತಿಕೊಂಡು ಹೋದ.

ಹಳ್ಳಿಯಲ್ಲಿ ಇಳಿದಾಗ ಮೊದಲು ಕಂಡದ್ದು, ತಲೆಗೆ ಟವೆಲ್ ಸುತ್ತಿಕೊಂಡು ಮೂಲಂಗಿ ಕೀಳುತ್ತಿದ್ದ ಒಬ್ಬ ಅಜ್ಜಿ. ಟವೆಲ್ಲಿನ ಅಂಚಿನಿಂದ ಗುಲಾಬಿ, ಹಳದಿ ಬಣ್ಣದ ಪ್ಲಾಸ್ಟಿಕ್ ಕಡ್ಡಿಗಳು ಇಣುಕುತ್ತಿದ್ದವು. ಮುಂದೆ ಇನ್ನೊಬ್ಬಳು, ಹಾಗೇ ಟವೆಲ್ ಸುತ್ತಿಕೊಂಡು, ಎಳ್ಳಿನ ಕಟ್ಟು ಬಡಿಯುತ್ತಿದ್ದಳು. ಕಡ್ಡಿ ಸುತ್ತಿ ಮೊದಲ ಔಷಧಿ ಹಾಕಿದ ಮೇಲೆ ಕಾಯುವ ಹೊತ್ತಿದೆಯಲ್ಲ, ಅದನ್ನು ಕುರ್ಚಿಯಲ್ಲಿ ಕೂತು ಯಾರು ಹಾಳು ಮಾಡುತ್ತಾರೆ, ಹೊಲಕ್ಕೋ ಸಂತೆಗೋ ಹೋಗಿ, ಸುರುಳಿ ನಿಲ್ಲಿಸುವ ಎರಡನೇ ಔಷಧಿಯ ಹೊತ್ತಿಗೆ ವಾಪಸು ಬರುತ್ತಾರೆ ಎಂದು ಸನ್‌ಹೀ ವಿವರಿಸಿದಳು. ನಮ್ಮ ಪಾರ್ಲರಿನಲ್ಲಿ ಮುಖಕ್ಕೆ ಪ್ಯಾಕ್ ಹಾಕಿಸಿಕೊಂಡ ಹೆಂಗಸು ಗಂಡ ಬಾಗಿಲು ತಟ್ಟಿದರೂ ಪರದೆಯ ಹಿಂದೆ ಓಡುತ್ತಾಳೆ. ಇವರು ಅರ್ಧ ಮುಗಿದ ತಲೆಯನ್ನು ಊರೆಲ್ಲ ಮೆರೆಸುತ್ತಾರೆ. ನನಗೆ ತುಂಬ ಹೊಟ್ಟೆಕಿಚ್ಚಾಯಿತು.

ಸನ್‌ಹೀಯ ಅಮ್ಮನ ಅಂಗಡಿ

ನನ್ನ ಪಾರ್ಲರಿಗಿಂತ ಚಿಕ್ಕದು. ಹಬ್ಬದ ಗಿರಾಕಿ. ಬೆಂಚಿನ ಮೇಲೆ ಹೂಹೂವಿನ ಪ್ಯಾಂಟು ತೊಟ್ಟ ಅಜ್ಜಿಯರು ಒತ್ತಿಕೊಂಡು ಕೂತು ಸಿಹಿಗೆಣಸು ತಿನ್ನುತ್ತಿದ್ದರು. ಔಷಧಿಗೆ ಕೊಳೆತ ಮೊಟ್ಟೆಯನ್ನು ಸೋಪಿನ ನೀರಲ್ಲಿ ಕದಡಿದಂಥ ವಾಸನೆ. ನನಗೂ ಒಂದು ಗೆಣಸು ಕೊಟ್ಟು ನಡುವೆ ಜಾಗ ಮಾಡಿದರು.

ಗೋಡೆಯ ಮೇಲೆ ಒಂದು ಹಳೆಯ ಚಿತ್ರವಿತ್ತು. ಒಬ್ಬ ಬಿಳಿ ಹೆಂಗಸು ಕೂತಿದ್ದಾಳೆ. ತೂಗುದೀಪದಂಥ ಯಂತ್ರದಿಂದ ಇಳಿಬಿದ್ದ ತಂತಿಗಳು ಅವಳ ಕೂದಲ ಒಂದೊಂದು ಎಳೆಗೂ ಸಿಕ್ಕಿವೆ. ಸನ್‌ಹೀಯ ಅಮ್ಮ ಕೈಯ ಕೆಲಸ ಬಿಡದೆ ಅದರ ಕಥೆ ಹೇಳಿದರು. ನೂರು ವರ್ಷದ ಹಿಂದೆ ಲಂಡನ್ನಿನಲ್ಲಿ ಒಬ್ಬ ಜರ್ಮನ್ ಕ್ಷೌರಿಕ ಈ ವಿದ್ಯೆ ಕಂಡುಹಿಡಿದನಂತೆ. ಹಿತ್ತಾಳೆಯ ಕಾದ ಸಲಾಕೆಗೆ ಕೂದಲು ಸುತ್ತಿ ಗಂಟೆಗಟ್ಟಲೆ ಕೂರಿಸುತ್ತಿದ್ದನಂತೆ. ಪ್ರಯೋಗಕ್ಕೆ ಸಿಕ್ಕಿದ್ದು ಯಾರು? ಅವನ ಹೆಂಡತಿ. ಅವಳ ಕೂದಲು ಸುಟ್ಟು, ನೆತ್ತಿ ಬೊಬ್ಬೆಯೆದ್ದು, ಕೊನೆಗೆ ಸುರುಳಿ ನಿಂತಿತಂತೆ. ಇತಿಹಾಸದಲ್ಲಿ ಗಂಡನ ಹೆಸರು ಉಳಿಯಿತು ಎಂದು ಸನ್‌ಹೀ ತರ್ಜುಮೆಗೆ ತನ್ನದೊಂದು ಮಾತು ಸೇರಿಸಿದಳು.

ಆಗ ಬೆಂಚಿನ ಮೇಲಿದ್ದ ಬೆಳ್ಳಿ ಹಲ್ಲಿನ ಅಜ್ಜಿಗೆ ಹುರುಪು ಬಂತು. ಅವಳ ಹುಡುಗಿತನದಲ್ಲಿ, ಕೊರಿಯಾ ಯುದ್ಧದ ನಂತರದ ವರ್ಷಗಳಲ್ಲಿ, ಕರೆಂಟಿಲ್ಲದ ಕಾಲದಲ್ಲಿ, ಸುತ್ತಿದ ಕೂದಲಿಗೆ ತಗಡಿನ ಚಿಮಟ ಸಿಕ್ಕಿಸಿ ಅದರೊಳಗೆ ಇದ್ದಿಲ ಕೆಂಡ ಇಡುತ್ತಿದ್ದರಂತೆ. ಕೆಂಡ ಜಾರಿದರೆ ಕಿವಿ ಹೋಯಿತು. ಅವಳು ಕಿವಿ ತೋರಿಸಿದಳು, ಮೇಲಿನ ಅಂಚಿನಲ್ಲಿ ಹಳೆಯ ಕಲೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತೇವೆ ನಾವು. ಇವರು ಸುಟ್ಟೇ ಕೂದಲಿನ ಹುಟ್ಟುಗುಣ ಬಿಡಿಸಿದ್ದಾರೆ. ಅದಕ್ಕೂ ಮೊದಲು ಅವಳಿಗೂ ನನ್ನಂಥದೇ ಜಡೆಯಿತ್ತಂತೆ. ಕೂದಲು ಕೊಳ್ಳುವವನು ಹಳ್ಳಿಗೆ ಬಂದಾಗ, ತಮ್ಮನ ಶಾಲೆಗೆಂದು ಕತ್ತರಿಸಿ ಕೊಟ್ಟಳು. ಆ ಕಾಲದಲ್ಲಿ ಇಂಥವರ ಜಡೆಗಳೇ ವಿಗ್ ಆಗಿ ಅಮೆರಿಕಕ್ಕೆ ಹಡಗು ಹತ್ತುತ್ತಿದ್ದವಂತೆ. ನಾವು ತಿರುಪತಿಯಲ್ಲಿ ಕೊಟ್ಟು ಮರೆಯುತ್ತೇವೆ. ಅವಳು ಮರೆತಿರಲಿಲ್ಲ. ನನ್ನ ಜಡೆಯನ್ನು ಅಂಗೈ ಮೇಲೆ ಇಟ್ಟುಕೊಂಡು ತೂಗಿ ನೋಡಿದಳು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ನನ್ನನ್ನೂ ಕುರ್ಚಿಗೆ ಕೂರಿಸಿದರು. ಮೊದಲು ಕತ್ತಿನ ಬುಡದ ಒಂದೇ ಎಳೆ ನೋಡೋಣ ಎಂದರು ಸನ್‌ಹೀಯ ಅಮ್ಮ. ತೊಳೆದರು, ಮೂಸಿದರು, ಮತ್ತೆ ತೊಳೆದರು. ಕಡ್ಡಿ ಸುತ್ತಿ, ಔಷಧಿ ಹಾಕಿ, ಕಾದು, ಬಿಚ್ಚಿದರೆ ಆ ಎಳೆ ಒದ್ದೆ ದಾರದ ಹಾಗೆ ನೆಟ್ಟಗೆ ಜಾರಿ ಕೆಳಗಿಳಿಯಿತು. ಇದು ಕೂದಲಲ್ಲ, ಎಣ್ಣೆಯಲ್ಲಿ ಕರಿದ ಶಾವಿಗೆ ಎಂದರಂತೆ. ಬೆಂಚು ಬಿದ್ದು ಬಿದ್ದು ನಕ್ಕಿತು. ಎಣ್ಣೆ ಬಿಟ್ಟು ದಿನಾ ಸೋಪು ಹಾಕಿ ತೊಳೆದರೆ ಆಮೇಲೆ ಹಿಡಿದೀತು ಎಂದು ಸಮಾಧಾನ ಹೇಳಿದರು. ನನಗೆ ಬೇಸರವಾಗಬೇಕಿತ್ತು. ನಿಜ ಹೇಳಬೇಕೆಂದರೆ ನೆಮ್ಮದಿಯಾಯಿತು. ಆ ಜಡೆ ನೋಡಿಯೇ ಗಿರಾಕಿಗಳು ನನ್ನ ಪಾರ್ಲರಿಗೆ ಬರುವುದು.

ನಗು ನಿಂತ ಮೇಲೆ ಅತ್ತೆಯ ವಿಷಯ ಹೇಳಿದೆ. ಜ್ವರ, ತುರುಬು, ಸೆರಗು, ನಿಂತುಹೋದ ಸಂತೆ. ಸನ್‌ಹೀ ಅದನ್ನೆಲ್ಲ ಅವರ ಭಾಷೆಗೆ ಇಳಿಸಿದಳು. ಬೆಳ್ಳಿ ಹಲ್ಲಿನ ಅಜ್ಜಿ ನನ್ನ ಮುಂದೆ ಬಗ್ಗಿ, ಎರಡು ಬೆರಳಲ್ಲಿ ತನ್ನ ಸುರುಳಿಗಳನ್ನು ಸರಿಸಿದಳು. ಒಳಗೆ ನೆತ್ತಿ ಬೋಳು ಬೋಳಾಗಿ ಹೊಳೆಯುತ್ತಿತ್ತು. ಪಕ್ಕದವಳೂ ಸರಿಸಿ ತೋರಿಸಿದಳು. ಬೆಳ್ಳಿ ಹಲ್ಲಿನವಳು ಏನೋ ಹೇಳಿದಳು. ಸನ್‌ಹೀ ಅದನ್ನು ಇಂಗ್ಲಿಷಿಗೆ ಹೀಗೆ ತಂದಳು:

"ಎಲ್ಲರ ತಲೆಯೂ ಒಂದೇ ಥರ ಇದ್ದರೆ, ಯಾರದ್ದು ಬೋಳು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ನಾವು ಒಬ್ಬೊಬ್ಬರೇ ಬರುವುದಿಲ್ಲ."

ಉಳಿದ ದಿನಗಳಲ್ಲಿ ನಾನು ಊರು ನೋಡಲಿಲ್ಲ. ಎಜಮಾನರಿಗೆ ಸಾರು ಮಾಡಿಟ್ಟು ಬಸ್ಸು ಹತ್ತುತ್ತಿದ್ದೆ. ಕಾಗದದಲ್ಲಿ ಕೂದಲ ತುದಿ ಮಡಚುವುದು, ಬಿಗಿಯಾಗಿಸದೆ ಸುತ್ತುವುದು, ಕಿವಿಗೂ ಹಣೆಗೂ ಹತ್ತಿ ಕಟ್ಟುವುದು, ಗಾಯವಿದ್ದ ನೆತ್ತಿಯನ್ನು ಮುಟ್ಟದಿರುವುದು, ಜ್ವರದಿಂದೆದ್ದ ಕೂದಲಿಗೆ ಔಷಧಿ ತೆಳುವಾಗಿಸುವುದು ಎಲ್ಲ ಕಲಿತೆ. ಹೊರಡುವಾಗ ಸನ್‌ಹೀಯ ಅಮ್ಮ ತಮ್ಮ ಹಳೆಯ ಕಡ್ಡಿಗಳನ್ನು ಒಂದು ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟರು.

ಮತ್ತೆ ಕೆಲಮಂಗಲ

ಔಷಧಿ ಬೆಂಗಳೂರಿನ ಅಂಗಡಿಯಲ್ಲಿ ಸಿಕ್ಕಿತು. ಅತ್ತೆಯ ತಲೆ ಸಿಗಲಿಲ್ಲ. ಮೊದಲ ಜಗಳ ಎಣ್ಣೆಯದು. ಕೂದಲು ಹುಟ್ಟಲೆಂದು ಅವರು ದಿನಕ್ಕೆರಡು ಸಲ ಹರಳೆಣ್ಣೆ ಸುರಿದುಕೊಳ್ಳುತ್ತಿದ್ದರು. ಒಂದು ವಾರ ನಿಲ್ಲಿಸಿ ಎಂದರೆ, ತಲೆ ಒಣಗಿಸಿ ನನ್ನನ್ನು ಕೊಲ್ಲಲು ವಿದ್ಯೆ ಕಲಿತು ಬಂದಿದ್ದಾಳೆ ಎಂದು ಮಾವನ ಹತ್ತಿರ ದೂರು ಹೋಯಿತು. ಅಜ್ಜಿಯರ ಫೋಟೋಗಳನ್ನು ತೋರಿಸಿದೆ. ಒಂದೊಂದನ್ನೂ ಕಣ್ಣ ಹತ್ತಿರ ಹಿಡಿದು ನೋಡಿದರು. ಬೆಳ್ಳಿ ಹಲ್ಲಿನವಳು ತನ್ನ ಬೋಳು ನೆತ್ತಿಯನ್ನು ಕ್ಯಾಮೆರಾಕ್ಕೂ ತೋರಿಸಿದ್ದಳು. ಅದನ್ನು ಮಾತ್ರ ಬಹಳ ಹೊತ್ತು ನೋಡಿದರು.

"ಅವ್ರೂರಲ್ಲಿ ಎಲ್ರೂ ಅಂಗೇ ಅವ್ರೆ, ಸರೋಜಿ. ಇಲ್ಲಿ ನಾನೊಬ್ಳೇ ಕುರಿ ತರ ಓಡಾಡ್ಲಾ?"

ಕಡ್ಡಿ ತಂದಿದ್ದೆ, ಕೈಚಳಕ ತಂದಿದ್ದೆ. ಆ ಬೆಂಚನ್ನು ತರಲು ಆಗಿರಲಿಲ್ಲ. ಅಂಗಡಿ ತುಂಬ ಜೊತೆಗಾರರಿದ್ದರೆ ತಾನೆ ಅದು ಚೆಂದ?

ಎರಡು ದಿನ ಯೋಚಿಸಿದೆ. ನನ್ನ ತಲೆಗೂ ಎಣ್ಣೆ ಹಚ್ಚುವುದು ನಿಲ್ಲಿಸಿ ದಿನಾ ಸೋಪು ಹಾಕಿದೆ; ಅದನ್ನು ನೋಡಿ ಅತ್ತೆಯೂ ಗೊಣಗುತ್ತಲೇ ಎಣ್ಣೆ ನಿಲ್ಲಿಸಿದರು. ವಾರ ಕಳೆದ ಮೇಲೆ, ಸಂತೆಯ ಹಿಂದಿನ ದಿನ, ಕನ್ನಡಿಯ ಮುಂದೆ ಕೂತು ಜಡೆಯನ್ನು ಭುಜದ ಮೇಲಕ್ಕೆ ಹಿಡಿದು ಕತ್ತರಿ ಆಡಿಸಿದೆ. ಅತ್ತೆ ಸದ್ದಿಗೆ ಬಂದವರು ಬಾಗಿಲಲ್ಲೇ ನಿಂತರು. "ಏನ್ ಮಾಡ್ಬುಟ್ಟೆ ನೀನು" ಎಂದು ಒಳಗೆ ನುಗ್ಗಿ ಕತ್ತರಿ ಕಿತ್ತುಕೊಂಡರು. ನನ್ನ ಕೂದಲನ್ನು ನಾನೇ ಸುತ್ತಿಕೊಳ್ಳಲು ಆಗುವುದಿಲ್ಲ, ನೀವು ಸುತ್ತಿಕೊಡಿ, ಆಮೇಲೆ ನಿಮ್ಮದು ನಾನು ಸುತ್ತುತ್ತೇನೆ ಎಂದೆ.

ಮದುವೆಯಾಗಿ ಬಂದಾಗಿನಿಂದ ಅತ್ತೆ ನನ್ನ ತಲೆ ಮುಟ್ಟಿದವರಲ್ಲ. ಮುನಿಸಿನಿಂದಲೇ ಶುರು ಮಾಡಿದರು. ಆದರೆ ಹೂ ಕಟ್ಟಿ ಪಳಗಿದ ಬೆರಳುಗಳು, ಕಾಗದ ಮಡಚಿ ಕಡ್ಡಿ ಉರುಳಿಸುವುದನ್ನು ನನಗಿಂತ ಬೇಗ ಹಿಡಿದವು. ಸುತ್ತುತ್ತ ಸುತ್ತುತ್ತ ಬೈಗುಳ ಕಡಿಮೆಯಾಯಿತು. ಅವರ ಸರದಿ ಬಂದಾಗ ತಾವೇ ಸೆರಗು ತೆಗೆದು ಕೂತರು. ಮೊದಲು ಒಂದೆರಡು ಎಳೆಗೆ ಔಷಧಿ ಹಾಕಿ ಪರೀಕ್ಷಿಸಿ, ಉರಿಯಿಲ್ಲ ಎಂದ ಮೇಲೆ ಉಳಿದದ್ದನ್ನು ಸುತ್ತಿದೆ. ಇಬ್ಬರ ತಲೆಗೂ ಟವೆಲ್ ಕಟ್ಟಿ, ಗಡಿಯಾರ ನೋಡುತ್ತ ಕೂತೆವು.

ಆಗ ಹೊರಗೆ ದಲ್ಲಾಳಿಯ ದನಿ ಕೇಳಿಸಿತು. ಮರುದಿನದ ಸಂತೆಯ ಗೊಡವೆ ಯಾಕೆ, ಬೀನ್ಸಿನ ಮೂಟೆಗಳನ್ನೆಲ್ಲ ಇಲ್ಲೇ ಕೊಟ್ಟುಬಿಡಿ ಎಂದು ಮಾವನನ್ನು ತೆಲುಗಿನಲ್ಲಿ ಪುಸಲಾಯಿಸುತ್ತಿದ್ದ. ಮಾವ ಹೂಂ ಎನ್ನುತ್ತಿದ್ದರು. ಅತ್ತೆ ಕಿವಿಯ ಮೇಲಿನ ಹತ್ತಿ ಸರಿಸಿ ಕೇಳಿದರು. ಇನ್ನೊಂದು ಹೂಂ ಬಂತು. ಅತ್ತೆ ಎದ್ದರು. ತಲೆ ತುಂಬ ಗುಲಾಬಿ ಹಳದಿ ಕಡ್ಡಿ, ಮೇಲೆ ಟವೆಲ್, ಕೊಳೆತ ಮೊಟ್ಟೆಯ ವಾಸನೆ. ಹಾಗೇ ಹೊಸಿಲು ದಾಟಿ, ಮೆಟ್ಟಿಲಿಳಿದು, ಬೀದಿಯ ನಡುವೆ ಮೂಟೆಯ ಮೇಲೆ ಕೈಯಿಟ್ಟು ನಿಂತರು. ದಲ್ಲಾಳಿ ತಲೆ ನೋಡಿದನೋ ಬಿಟ್ಟನೋ, ಅವರ ತೆಲುಗು ಕೇಳಿಸಿಕೊಂಡೇ ಗಾಡಿ ಹತ್ತಿದ. ಎದುರು ಮನೆಯವರು ಬಾಗಿಲಿಗೆ ಬಂದರು. ಅತ್ತೆ ಅವರ ಜೊತೆಗೂ ನಿಂತು ಮಾತಾಡತೊಡಗಿದರು. ಎರಡನೇ ಔಷಧಿಯ ಹೊತ್ತಾಯಿತು ಎಂದು ನಾನು ಬಾಗಿಲಿಂದ ಕೂಗಿದರೆ, "ತಡೀಲೇ, ಬತ್ತೀನಿ" ಎಂದು ನನ್ನನ್ನೇ ಗದರಿಸಿದರು. ನನಗೆ ಅಳು ಬಂತು. ಟವೆಲ್ಲಿನ ತುದಿಯಲ್ಲೇ ಒರೆಸಿಕೊಂಡೆ.

ನನ್ನದು ಅರೆಬರೆ ಹಿಡಿಯಿತು. ವರ್ಷಗಳ ಎಣ್ಣೆ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಅತ್ತೆಯ ಕೂದಲು ಮಾತ್ರ ಸಣ್ಣ ಸಣ್ಣ ಸುರುಳಿಯಾಗಿ ಎದ್ದು ನೆತ್ತಿಯನ್ನು ಮುಚ್ಚಿತು. ಕನ್ನಡಿಯಲ್ಲಿ ತಲೆಯನ್ನು ಅತ್ತ ಇತ್ತ ತಿರುಗಿಸಿ ನೋಡಿಕೊಂಡರು. ನಾನು ಕತ್ತರಿಸಿದ ಜಡೆಯನ್ನು ತಂದು, ಹಬ್ಬ ಹರಿದಿನಕ್ಕೆ ಬೇಕಾದರೆ ಇದರಲ್ಲಿ ತುರುಬು ಮಾಡಿಸಿಕೊಡುತ್ತೇನೆ, ಕೂದಲು ತಾ ಅಂದಿದ್ದಿರಲ್ಲ ಎಂದೆ. ಅತ್ತೆ ಅದನ್ನು ಒಮ್ಮೆ ಸವರಿ ನನಗೇ ಹಿಂದಕ್ಕೆ ಕೊಟ್ಟರು.

"ನಿನ್ ಕೂದ್ಲು ನಂಗ್ಯಾಕೆ? ನಂದೇ ಐತಲ್ಲ."

ಇವತ್ತು ಬೆಳಿಗ್ಗೆ ಒಂದು ಗೇಣು ಕನಕಾಂಬರವನ್ನು ಕಿವಿಯ ಹಿಂದೆ ಪಿನ್ನಿನಿಂದ ಸಿಕ್ಕಿಸಿಕೊಂಡು ಮೂಟೆಗಳ ಜೊತೆ ಆಟೋ ಹತ್ತಿದರು. ಎದುರು ಮನೆಯಾಕೆ ಆಗಲೇ ಎರಡು ಸಲ ಬಂದು, ಅದು ಉರಿಯುತ್ತದೆಯೇ ಎಂದು ನನ್ನನ್ನು ವಿಚಾರಿಸಿ ಹೋಗಿದ್ದಾಳೆ. ನನ್ನ ಜಡೆ ಬೀರುವಿನಲ್ಲಿದೆ. ದೀಪ ಹಚ್ಚುವ ಹೊತ್ತಾಯಿತು, ಅತ್ತೆ ಇನ್ನೂ ಸಂತೆಯಿಂದ ಬಂದಿಲ್ಲ.